ಮೂರು ಜನರ ಸೊಪ್ಪು

ಬಟ್ಟೆ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಪ್ಯಾಂಟು ಮೊಟಕು ಮಾಡುವುದು, ಕಿತ್ತುಹೋದ ಗುಂಡಿ ಹೊಲಿಯುವುದು ಅವಳ ಕೆಲಸ. ಅಂಗಡಿಯವರ ಬಾಯಲ್ಲಿ ಅವಳು ಗುಂಡಿಯಕ್ಕ. ಸಾಕಿ ಬೆಳೆಸಿದ ಚಿಕ್ಕಮ್ಮ ಹೋದ ವರ್ಷ ತೀರಿಕೊಂಡ ಮೇಲೆ ಮನೆಯಲ್ಲಿ ಅವಳೊಬ್ಬಳೇ. ಒಂದು ಹೊಟ್ಟೆಗಾಗಿ ಯಾಕೆ ಒಲೆ ಹಚ್ಚುವುದು ಎಂದು ಬೆಳಿಗ್ಗೆ ಬನ್ನು ಚಹಾ, ಮಧ್ಯಾಹ್ನ ಬನ್ನು ಚಹಾ, ಸಂಜೆ ಮೇಲೆ ಹಸಿವಾದರೆ ಬಿಸ್ಕತ್ತು.

ಇತ್ತೀಚೆಗೆ ಸೂಜಿಗೆ ದಾರ ಪೋಣಿಸುವಾಗ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ನಾಲ್ಕು ಹೆಜ್ಜೆ ಬೇಗ ನಡೆದರೆ ಎದೆ ಡವಡವ ಅನ್ನುತ್ತಿತ್ತು. ಚಿಕ್ಕಮ್ಮನ ಕೊರಗು ಎಂದುಕೊಂಡು ಸುಮ್ಮನಾದಳು.

ಅವಳು ಆಸೆಪಟ್ಟು ಹೋಗುತ್ತಿದ್ದ ಜಾಗವೆಂದರೆ ಆಸ್ಪತ್ರೆಯ ರಕ್ತನಿಧಿ. ಚಿಕ್ಕಮ್ಮನ ಆಪರೇಷನ್ನಿನಲ್ಲಿ ಯಾರೋ ಕೊಟ್ಟ ರಕ್ತ ನೆರವಾಗಿತ್ತು, ಅಂದಿನಿಂದ ಇವಳೂ ಕೊಡುತ್ತ ಬಂದಿದ್ದಳು. ಆದರೆ ಒಳಗಿನ ಕಾರಣ ಬೇರೆಯೇ ಇತ್ತು. ದಪ್ಪ ಕನ್ನಡಕದ ಸಿಸ್ಟರ್ ತೋಳು ಹಿಡಿದು, "ಹೇಗಿದೀರಿ ಅಕ್ಕ?" ಅನ್ನುತ್ತಿದ್ದರು. ಚಿಕ್ಕಮ್ಮ ಹೋದ ಮೇಲೆ ಅವಳನ್ನು ಮುಟ್ಟಿ ಮಾತಾಡಿಸುವವರು ಅವರೊಬ್ಬರೇ.

ಈ ಸಲ ಸಿಸ್ಟರ್ ಬೆರಳು ಚುಚ್ಚಿ ಪರೀಕ್ಷಿಸಿ ತಲೆ ಅಲ್ಲಾಡಿಸಿದರು.

"ಇವತ್ತು ತಗೊಳ್ಳೋಕಾಗಲ್ಲ ಅಕ್ಕ. ನಿಮಗೇ ರಕ್ತ ಕಮ್ಮಿ ಇದೆ. ನಿಮ್ಮಿಂದ ತಗೊಂಡು ನಿಮಗೇ ವಾಪಸ್ ಹಾಕ್ಬೇಕಾಗುತ್ತೆ ಅಷ್ಟೆ."

ಗುಂಡಿಯಕ್ಕನ ಕಣ್ಣಲ್ಲಿ ಬಳಬಳ ನೀರು ಸುರಿಯಿತು.

"ಅಯ್ಯೋ, ಸೂಜಿ ತಪ್ಪಿತು ಅಂತ ಖುಷಿಪಡೋರನ್ನ ನೋಡಿದೀನಿ. ಅಳೋರನ್ನ ಇವತ್ತೇ ನೋಡಿದ್ದು! ದಿನಾ ಊಟಕ್ಕೆ ಏನು ಮಾಡ್ಕೋತೀರಿ?"

"ಏನೋ ಒಂದು."

"ಏನೋ ಒಂದು ಅಂದ್ರೆ ಏನೂ ಇಲ್ಲ ಅಂತ."

ಡಾಕ್ಟರು ನೋಡಿ, ಮೈಯಲ್ಲಿ ಕಬ್ಬಿಣದಂಶ ಸಾಲದು ಎಂದು ಮಾತ್ರೆ ಬರೆದುಕೊಟ್ಟರು. ಹೊರಡುವಾಗ ಸಿಸ್ಟರ್ ಬಾಗಿಲವರೆಗೂ ಬಂದರು.

"ಮಾತ್ರೆ ಎಷ್ಟು ದಿನ ಅಂತ ನುಂಗ್ತೀರಿ? ಸೊಪ್ಪು, ಬೇಳೆ, ಕಾಳು ತಿನ್ನಿ. ಮಾಂಸ ಮೀನು ತಿನ್ನೋರಾದ್ರೆ ಇನ್ನೂ ಒಳ್ಳೇದು. ಮೇಲೆ ನಿಂಬೆಹಣ್ಣು ಹಿಂಡ್ಕೊಂಡ್ರೆ ಚೆನ್ನಾಗಿ ಮೈಗೆ ಹತ್ತುತ್ತೆ. ಊಟದ ಜೊತೆ ಮಾತ್ರ ಚಹಾ ಬೇಡ, ಅದು ಹತ್ತೋಕೇ ಬಿಡಲ್ಲ. ಸ್ವಲ್ಪ ಹೊತ್ತು ಬಿಟ್ಟು ಕುಡೀರಿ."

ಅಂದು ಸಂಜೆಯೇ ಮಾರುಕಟ್ಟೆಗೆ ಹೋದಳು. ಸೊಪ್ಪು ಮಾರುವಾಕೆ, "ಮನೇಲಿ ಎಷ್ಟು ಜನ ತಾಯಿ?" ಎಂದಳು.

ಒಬ್ಬಳೇ ಎನ್ನಲು ನಾಲಿಗೆ ಏಳಲಿಲ್ಲ. "ಮೂರು ಜನ" ಅಂದುಬಿಟ್ಟಳು.

"ಹಾಗಾದ್ರೆ ಎರಡು ಕಟ್ಟು ಬೇಕು. ಬೆಂದ್ರೆ ಹಿಡಿಯಷ್ಟಾಗುತ್ತೆ."

ಎರಡು ಕಟ್ಟು ಬೆಂದರೂ ಒಬ್ಬಳಿಗೆ ಬೆಟ್ಟದಷ್ಟಾಯಿತು. ಸೊಪ್ಪು ಕಂಡರೆ "ನಾನೇನು ದನಾನಾ?" ಎಂದು ಚಿಕ್ಕಮ್ಮನ ಜೊತೆ ಜಗಳ ತೆಗೆಯುತ್ತಿದ್ದವಳು, ಈಗ ಉಪ್ಪು ಜಾಸ್ತಿಯಾದರೂ ತಪ್ಪು ಹೇಳುವವರಿಲ್ಲದೆ ಅಡುಗೆಮನೆಯಲ್ಲಿ ನಿಂತೇ ತಿಂದಳು. ಉಳಿದದ್ದು ಮರುದಿನ ಹಳಸಿತು. ಪಕ್ಕದ ಮನೆಯಲ್ಲಿ ತಟ್ಟೆ ಲೋಟಗಳ ಸದ್ದು, ಯಾರೋ ಯಾರಿಗೋ ಬಡಿಸಿಕೊಳ್ಳಿ ಅನ್ನುತ್ತಿದ್ದ ಸದ್ದು ಗೋಡೆ ದಾಟಿ ಬರುತ್ತಿತ್ತು.

ಆದರೂ ಬಿಡಲಿಲ್ಲ. ಮಾತ್ರೆಯ ಜೊತೆಗೆ ಒಂದು ದಿನ ಬೇಳೆಯಾದರೆ ಇನ್ನೊಂದು ದಿನ ನೆನೆಸಿದ ಕಾಳು, ಮೇಲೆ ನಿಂಬೆಹಣ್ಣು. ಸೊಪ್ಪಿನಾಕೆಯ ಹತ್ತಿರ ಸುಳ್ಳು ಕೂಡ ಸೊಂಪಾಗಿ ಬೆಳೆಯಿತು.

"ಮಕ್ಕಳು ಸೊಪ್ಪು ತಿಂತಾವಾ?"

"ದೊಡ್ಡವನು ತಿಂತಾನೆ. ಚಿಕ್ಕವಳದು ಒಂದೇ ಹಠ."

"ಬೇಳೆ ಜೊತೆ ಮಸೆದು ಕೊಡಿ, ಗೊತ್ತೇ ಆಗಲ್ಲ."

ಮನೆಗೆ ಬಂದು ಹಾಗೇ ಮಸೆದಳು. ಎರಡು ತಟ್ಟೆ ಕೆಳಗಿಳಿಸಿ, ನಾಚಿಕೆಯಾಗಿ ಒಂದನ್ನು ಮತ್ತೆ ಮೇಲಿಟ್ಟಳು.

ಕೆಲವು ತಿಂಗಳಲ್ಲಿ ಕಣ್ಣಿನ ಕತ್ತಲೆ ಹೋಯಿತು. ರಕ್ತನಿಧಿಗೆ ಹೋದರೆ ಕನ್ನಡಕದ ಸಿಸ್ಟರ್ ಇರಲಿಲ್ಲ, ಬೇರೆ ಊರಿಗೆ ವರ್ಗವಾಗಿತ್ತಂತೆ. ಹೊಸ ಹುಡುಗಿ ಪರೀಕ್ಷಿಸಿ, "ಸರಿಯಿದೆ, ಮಲಗಿ" ಅಂದಳು. ಚೀಲಕ್ಕೆ ರಕ್ತ ತುಂಬುವವರೆಗೂ ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ. ಎಷ್ಟು ಕಷ್ಟಪಟ್ಟು ಸೇರಿಸಿಕೊಂಡ ರಕ್ತವೆಂದು ಹೇಳಿಕೊಳ್ಳಲು ಒಂದು ಜೀವವೂ ಸಿಗಲಿಲ್ಲವಲ್ಲ ಎಂದು ಗುಂಡಿಯಕ್ಕನಿಗೆ ಪೆಚ್ಚೆನಿಸಿತು.

ಬರುವಾಗ ಮಾರುಕಟ್ಟೆಯತ್ತ ತಿರುಗಿದಳು. ಸೊಪ್ಪಿನಾಕೆ ದಿಟ್ಟಿಸಿ ನೋಡಿ, "ಮುಖಕ್ಕೆ ಕಳೆ ಬಂದಿದೆ ತಾಯಿ. ಒಂದ್ಸಲ ಮಕ್ಕಳನ್ನೂ ಕರ್ಕೊಂಡು ಬನ್ನಿ, ನಾನೂ ನೋಡ್ತೀನಿ" ಎಂದಳು.

ಗುಂಡಿಯಕ್ಕ ಕೈಚೀಲ ಕೆಳಗಿಟ್ಟಳು. "ಮಕ್ಕಳಿಲ್ಲ. ಯಾರೂ ಇಲ್ಲ. ಮನೇಲಿ ನಾನೊಬ್ಬಳೇ. ಮೊದಲ ದಿನ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

ಸೊಪ್ಪಿನಾಕೆ ಒಂದು ಕಟ್ಟಿನ ದಾರ ಬಿಚ್ಚಿ, ಎರಡು ಪಾಲು ಮಾಡಿ, ಒಂದನ್ನು ಬುಟ್ಟಿಗೆ ಹಾಕಿಕೊಂಡಳು.

"ಒಬ್ಬರಿಗೆ ಇಷ್ಟು ಸಾಕು. ಇದು ಮುಗಿದ ಮೇಲೆ ಬನ್ನಿ, ತಾಜಾ ಕೊಡ್ತೀನಿ."

ಅರ್ಧ ಕಟ್ಟು ಹಿಡಿದು ಗುಂಡಿಯಕ್ಕ ಮನೆ ಸೇರಿದಳು. ಸೋಸಿ, ತೊಳೆದು, ಬೇಯಿಸಿ, ಈ ಸಲ ಕುರ್ಚಿ ಎಳೆದು ಕೂತು ಉಂಡಳು. ಏನೂ ಉಳಿಯಲಿಲ್ಲ. ಪಕ್ಕದ ಮನೆಯ ತಟ್ಟೆ ಲೋಟಗಳ ಸದ್ದು ಶುರುವಾಗುವ ಮೊದಲೇ ಅವಳ ಊಟ ಮುಗಿದಿತ್ತು.