ಸುಣ್ಣದ ಗೆರೆ

ಮರಕ್ಕೆ ಫಲಕ ಜಡಿಯಲು ಹೊಡೆದ ಈ ಮೊಳೆಯೂ ಬಾಗಿತು. ಅದನ್ನು ಚರಂಡಿಗೆಸೆದು, ತುಟಿಗಳ ನಡುವೆ ಕಚ್ಚಿಕೊಂಡಿದ್ದ ಕೊನೆಯದನ್ನು ಅವನು ಕೈಗೆತ್ತಿಕೊಂಡ.

"ಏನಪ್ಪಾ ಮರದ ಸಾಹೇಬ, ಊರಲ್ಲಿ ಬೇರೆ ಮರ ಸಿಗಲಿಲ್ವಾ?" ಭಾವ ಗೇಟಿಗೊರಗಿ ಕೇಳಿದ.

"ಇದು ಸಿಕ್ತು, ಭಾವ."

"ಇದರ ಬೇರು ನಿನ್ನ ಅಕ್ಕ ಮಲಗೋ ಕೋಣೆ ಗೋಡೆ ಸೀಳ್ತಿದೆ."

"ಪೊಟರೆಲಿ ಗೂಬೆಮರಿ ಇವೆ."

"ಒಂದು ಕೆಳಗೂ ನಿಂತಿದೆ."

ಯಂತ್ರದ ಗರಗಸ ಹಿಡಿದು ಕಾಂಪೌಂಡಿನ ಮೇಲೆ ಕುಳಿತಿದ್ದ ಕೂಲಿಯವರು ನಕ್ಕರು. ಎಲ್ಲಿ ಕೊಯ್ಯಬೇಕೆಂದು ತಿಳಿಯಲು ಅವರು ಕಾಂಡದ ಸುತ್ತ ಸೊಂಟದ ಮಟ್ಟಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಅದಿನ್ನೂ ಹಸಿಯಾಗಿತ್ತು.

ನಗರಸಭೆಯ ನಿಯಮ ಸರಳ. 'ಸಂರಕ್ಷಿತ' ಎಂಬ ತಗಡಿನ ಫಲಕ ಮೈಮೇಲಿರುವ ಮರವನ್ನು ಯಾರೂ ಮುಟ್ಟುವಂತಿಲ್ಲ. ಫಲಕವಿಲ್ಲದ್ದು ಬರೀ ಸೌದೆ. ಫಲಕ ಹೊಡೆಯುವ ಅಧಿಕಾರ ಅವನದು. "ನಾಳೆ ಹೊಡೀರಿ, ಇವತ್ತೇನು ಅವಸರ?" ಎಂದಿದ್ದರು ಬೆಳಿಗ್ಗೆ ಮೇಲಧಿಕಾರಿ, ಅವನ ಮುಖ ನೋಡದೆ. ಭಾವ ಅವರನ್ನು ಮೊದಲೇ ಹೋಗಿ ಕಂಡು ಬಂದಿದ್ದ. ಇವನು ಸುತ್ತಿಗೆ ಎತ್ತಿಕೊಂಡು ಹೊರಟಿದ್ದ.

ಮರಗಳ ಮೇಲೆ ಅವನಿಗೆ ಪ್ರೀತಿಯೇನೂ ಇರಲಿಲ್ಲ. ಯಾರೂ ಕಡಿಯಲು ಬಯಸದ ಮರಗಳನ್ನೇ ಅವನು ಈವರೆಗೆ ಕಾಪಾಡಿದ್ದ. ಇಂದು ಮೊದಲ ಸಲ ಯಾರಿಗೋ ಅಡ್ಡ ಬಂದಿದ್ದ. ಅಡ್ಡ ಬಂದದ್ದರಿಂದಲೇ ತಾನು ಇದ್ದೇನೆ ಎನ್ನಿಸಿತು. ನೋಯುವ ಹಲ್ಲನ್ನು ನಾಲಿಗೆಯಿಂದ ಒತ್ತಿದಂತೆ ಅದು ಹಿತವಾಗಿತ್ತು.

ಕೊನೆಯ ಮೊಳೆಯೂ ಬಾಗಿತು.

ಅಕ್ಕ ಬಾಗಿಲಿಗೆ ಬಂದಳು. "ಟೀ ಆರ್ತಿದೆ ಕಣೋ. ಒಳಗೆ ಬಾ."

"ಬಂದ್ರೆ ಇವರು ಕಡೀತಾರೆ."

"ಕಡೀಲಿ ಬಿಡೋ. ನನಗಿಂತ ಮರ ಹೆಚ್ಚಾಯ್ತಾ ನಿನಗೆ?"

ಹೌದೆಂದರೂ ಸುಳ್ಳು, ಅಲ್ಲವೆಂದರೂ ಸುಳ್ಳು.

"ಮೊಳೆ ಇದ್ರೆ ಕೊಡಕ್ಕಾ."

ಅವಳು ಬಾಗಿಲು ಹಾಕಿಕೊಂಡಳು.

"ಫಲಕ ನಿಲ್ಲಲಿಲ್ಲ ಅಂದ್ರೆ ಕಾನೂನೂ ನಿಲ್ಲಲ್ಲ," ಎಂದ ಭಾವ. "ನಡೀರಪ್ಪಾ, ಕೆಲಸ ನೋಡಿ."

ಕೂಲಿಯವರು ಕೆಳಗಿಳಿದರು.

ಅವನು ಫಲಕವನ್ನು ಕಾಂಡಕ್ಕಿಟ್ಟು, ಎದೆಯಿಂದ ಒತ್ತಿ, ಎರಡೂ ತೋಳುಗಳಿಂದ ಮರವನ್ನು ಬಳಸಿದ. ತಗಡಿನ ಅಂಚು ಎದೆಯನ್ನು ಕೊರೆಯಿತು.

"ಈಗ ನಿಂತಿದೆ, ಭಾವ. ಕಡೀರಿ."

"ಸಾರ್, ಪಕ್ಕಕ್ಕೆ ಬನ್ನಿ," ಎಂದಿತು ಹಿಂದಿನಿಂದ ಕೂಲಿಯವನೊಬ್ಬನ ದನಿ.

"ಬರಲ್ಲ."

ಬಳಿಕ ಗರಗಸದ ಯಂತ್ರ ಒಮ್ಮೆ ಕೆಮ್ಮಿ, ಗುರುಗುಟ್ಟತೊಡಗಿತು. ಹೆದರಿಸಲೋ, ಕೊಯ್ಯಲೋ ತಿಳಿಯಲಿಲ್ಲ.

ಜಾರುತ್ತಿದ್ದ ಫಲಕವನ್ನು ಸರಿಪಡಿಸಲು ಕೊಂಚ ಹಿಂದೆ ಸರಿದು ಅವನು ಕೆಳಗೆ ನೋಡಿದ. ಮೈ ತಾಗಿದಷ್ಟು ಅಗಲ, ಕಾಂಡದ ಮೇಲಿನ ಗೆರೆ ಅಳಿಸಿಹೋಗಿತ್ತು. ಅದೀಗ ಅವನ ಕಪ್ಪು ಅಂಗಿಯ ಮೇಲಿತ್ತು. ಸೊಂಟದ ಮಟ್ಟಕ್ಕೆ, ನೇರವಾಗಿ.

ಅವನು ಮತ್ತೆ ಮರಕ್ಕೆ ಒತ್ತಿಕೊಂಡ.