ತಪ್ಪು ಗೋಡೆ

ಬೆಳಗ್ಗೆ ಏಳು ಗಂಟೆಗೆ ಮಳೆ ಶುರುವಾಯಿತು. ಅದೇ ದಿನ ಸಂಜೆ ನಾಲ್ಕಕ್ಕೆ ವರ್ನಾ ಲಿಂಡ್‌ಕ್ವಿಸ್ಟ್ ಅವರ ಹಿತ್ತಲಲ್ಲಿ ಮಗಳು ಜಾಯ್ಸಳ ಮದುವೆ ಆಗಬೇಕಿತ್ತು. ಇದು 1958ರ ಮಾರ್ಚ್, ಲಾಸ್ ಏಂಜಲೀಸಿನ ಉತ್ತರಕ್ಕಿರುವ ನಮ್ಮ ಬೀದಿಯ ಮಾತು.

"ಹಜಾರದಲ್ಲಿ ಮೂವತ್ತು ಜನ ಕೂತ್ರೆ ಹೆಚ್ಚು. ಬರೋರು ಅರವತ್ತು," ಎಂದರು ವರ್ನಾ. ಚರ್ಚಿನ ಸಭಾಂಗಣ ಬೇರೆಯವರ ಪಾಲಾಗಿತ್ತು.

"ಹಜಾರಕ್ಕೂ ಮಲಗೋ ಕೋಣೆಗೂ ನಡುವಿನ ಗೋಡೆ ತೆಗೆದುಬಿಡೋಣ," ಎಂದ ಪಕ್ಕದ ಮನೆಯ ಕ್ಲೈಡ್ ಪ್ರುಯಿಟ್. ವಿಮಾನ ಕಾರ್ಖಾನೆಯ ಕೆಲಸಗಾರ. "ಭಾರವೆಲ್ಲ ಕಂಬ ತೊಲೆ ಮೇಲಿದೆ, ಗೋಡೆ ಬರೀ ಹಲಗೆ. ಹೋದ ವರ್ಷ ನಮ್ಮನೇಲಿ ತೆಗೆದೆನಲ್ಲ, ಸೂರೇನು ಬಿತ್ತಾ?"

"ಸೂರು ಬೀಳ್ಲಿಲ್ಲ. ಬೆರಳಿಗೆ ಹೊಲಿಗೆ ಬಿತ್ತು," ಎಂದಳು ಹೆಂಡತಿ ಯೂನಿಸ್.

ಕ್ಲೈಡ್ ಬೆಂಕಿಗೂಡಿಗೆ ಎದುರಾಗಿ ನಿಂತು, ಎಡಗಡೆಯ ಗೋಡೆಗೆ ಗರಗಸ ಹಾಕಿದ. ಹಲಗೆ ಹಿಡಿದುಕೊಂಡವನು ನಾನು. ಎರಡನೆಯ ಹಲಗೆ ಕಳಚಿ ಬಂದಾಗ ಆಚೆ ಬಾತ್‌ರೂಮಿನ ಗುಲಾಬಿ ಟೈಲ್ಸ್ ಕಂಡವು. ವರ್ನಾರ ತಮ್ಮ ಆರ್ವಿಲ್ ಬನಿಯನ್ನಿನಲ್ಲಿ ನಿಂತು, ಕರೆಂಟಿನ ರೇಜರ್ ಹಿಡಿದು ಗಡ್ಡ ಹೆರೆಯುತ್ತಿದ್ದ.

"ಏನಯ್ಯಾ, ಬಾಗಿಲು ತಟ್ಟೋ ಅಭ್ಯಾಸ ಇಲ್ವಾ?"

"ಗರಗಸದ ಸದ್ದು ಕೇಳಿಸ್ಲಿಲ್ವಾ ನಿಂಗೆ?"

"ರೇಜರ್ ಕೆಟ್ಟಿದೆ ಅಂದ್ಕೊಂಡೆ."

ನಮ್ಮ ಬೀದಿಯ ಮನೆಗಳ ನಕ್ಷೆ ಒಂದೇ. ಆದರೆ ಒಂದು ಬಿಟ್ಟು ಒಂದು ಮನೆಯಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕ್ಲೈಡ್ ತನ್ನ ಮನೆಯ ಲೆಕ್ಕದಲ್ಲಿ ವರ್ನಾರ ಮನೆ ಕೊಯ್ದಿದ್ದ.

ವರ್ನಾ ಕುರ್ಚಿಯಲ್ಲಿ ಕುಸಿದರು. "ಮದುವೆಗೆ ಬಂದೋರಿಗೆ ಸ್ನಾನದ ತೊಟ್ಟಿ ತೋರಿಸ್ಲಾ?"

ಕೂದಲು ಗುಂಗುರಾಗಲೆಂದು ತಲೆ ತುಂಬ ಸುರುಳಿ ಸಿಕ್ಕಿಸಿಕೊಂಡು ಜಾಯ್ಸ್ ಬಂದಳು. ಕಿಂಡಿ ನೋಡಿದಳು, ಸೋದರಮಾವನನ್ನು ನೋಡಿದಳು, ನಕ್ಕಳು.

"ತೊಟ್ಟೀಲಿ ಐಸ್ ಸುರಿದು ಸೋಡಾ ಬಾಟಲಿ ಇಡೋಣಮ್ಮ. ಎಲ್ಲಿಡೋದು ಅಂತ ಬೆಳಗ್ಗೆಯಿಂದ ನೀನೇ ಬಡ್ಕೊಳ್ತಿದ್ದೆ. ಕ್ಲೈಡ್ ಅಂಕಲ್, ಬಲಗಡೆದೂ ಕೊಯ್ದುಬಿಡಿ. ನಾನು ಈ ಮನೇಲೇ ಮದುವೆ ಆಗೋದು."

"ಬಾತ್‌ರೂಮ್ ಬೇಕಾದೋರು ನಮ್ಮನೆಗೆ ಬರ್ಲಿ," ಎಂದಳು ಯೂನಿಸ್. "ನಮ್ಮಲ್ಲಿ ಅದಕ್ಕೆ ಗೋಡೆ ಇದೆ. ಸದ್ಯಕ್ಕೆ."

ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ಗೋಡೆಯೂ ಇಳಿಯಿತು. ಸೂರು ಅಲುಗಲಿಲ್ಲ. ಮಂಚ ಹೊರಗೆ ಹೋಯಿತು, ಮಡಿಸುವ ಕುರ್ಚಿಗಳು ಒಳಗೆ ಬಂದವು. ಎಲ್ಲರಿಗೂ ಜಾಗ ಸಿಕ್ಕಿತು. ಪಾದ್ರಿಗಳು ಒಂದು ಕೈಯಲ್ಲಿ ತಣ್ಣನೆಯ ಸೋಡಾ ಹಿಡಿದೇ ಮದುವೆಯ ವಿಧಿ ಶುರುಮಾಡಿದರು.

ಸೋಮವಾರ ಕ್ಲೈಡ್ ಬಾತ್‌ರೂಮಿನ ಗೋಡೆ ಮತ್ತೆ ನಿಲ್ಲಿಸಿದ. ಮಲಗುವ ಕೋಣೆಯದನ್ನು ನಿಲ್ಲಿಸಲು ವರ್ನಾ ಬಿಡಲಿಲ್ಲ.