ಲವೋನಿಯಾ ಟೀವಿಯಲ್ಲಿ ಆಡಿದ ಮಾತು

ಶುಕ್ರವಾರ ಸಂಜೆ ಫುಟ್‌ಬಾಲ್ ಪಂದ್ಯವಿದ್ದರೆ ಹ್ಯಾರೊ ಕ್ರೀಕ್‌ನಲ್ಲಿ ಮದುವೆ ಮನೆಗೂ ಜನ ಸಿಗುವುದಿಲ್ಲ. ಅಂಥ ಊರಿನಲ್ಲಿ ಮೂರು ಶುಕ್ರವಾರದಿಂದ, ರಾಷ್ಟ್ರಗೀತೆ ಶುರುವಾಗಿ ಎಲ್ಲರೂ ಎದ್ದು ನಿಂತ ಕೂಡಲೇ ಶಾಲೆಯ ತಂಡದ ನಾಲ್ಕು ಕಪ್ಪು ಹುಡುಗರು ಮೈದಾನದ ಅಂಚಿನಲ್ಲಿ ಒಂದು ಮಂಡಿಯೂರಿ ತಲೆ ತಗ್ಗಿಸುತ್ತಿದ್ದರು. ಮೊದಲು ಮಂಡಿಯೂರಿದವನು ಲವೋನಿಯಾ ಕ್ರೆನ್‌ಶಾಳ ಮಗ ಮಾರ್ಸೆಲಸ್. ಅವನಿಗೆ ಹದಿನೇಳು ವರ್ಷ. ಚೆಂಡು ಕೈಗೆ ಸಿಕ್ಕರೆ ಅಲಬಾಮಾದಲ್ಲಿ ಅವನನ್ನು ಹಿಡಿಯುವವರು ಇಲ್ಲ ಎಂದು ಇದೇ ಊರು ಹೋದ ವರ್ಷ ಅವನನ್ನು ಹೊತ್ತು ಕುಣಿದಿತ್ತು. ಈ ವರ್ಷ ಅದೇ ಊರು ಅವನ ಮೇಲೆ ತಂಪು ಪಾನೀಯದ ಲೋಟ ಎಸೆಯಿತು.

ಹುಡುಗರು ಹೀಗೆ ಮಂಡಿಯೂರಿ ಪ್ರತಿಭಟಿಸಿದ್ದು ಜಾರ್ವಿಸ್ ಪೆಟ್‌ವೇಗಾಗಿ. ಎರಡು ವರ್ಷದ ಹಿಂದೆ ಅದೇ ತಂಡದಲ್ಲಿ ಆಡಿದವನು, ಮಾರ್ಸೆಲಸ್‌ಗೆ ಓಡುವುದನ್ನು ಕಲಿಸಿದವನು. ಆಗಸ್ಟ್‌ನಲ್ಲಿ ಟೈರ್ ಅಂಗಡಿಯ ಕೆಲಸ ಮುಗಿಸಿ ತಾಯಿಯ ಕಾರಿನಲ್ಲಿ ಮನೆಗೆ ಬರುತ್ತಿದ್ದಾಗ, ಹಿಂದಿನ ದೀಪ ಉರಿಯುತ್ತಿಲ್ಲವೆಂದು ಪೊಲೀಸರು ನಿಲ್ಲಿಸಿದರು. ಲೈಸೆನ್ಸ್ ತೆಗೆಯಲು ಬಗ್ಗಿ ಕೈ ಚಾಚಿದ. ಮೂರು ಗುಂಡು. ಊರಿನ ಪತ್ರಿಕೆ ಬರೆದದ್ದು ಎರಡೇ ಸಾಲು: ಪೊಲೀಸರೊಂದಿಗಿನ ಘರ್ಷಣೆಯಲ್ಲಿ ಶಂಕಿತನೊಬ್ಬನ ಸಾವು. ಸತ್ತವನಿಗೆ ಒಂದು ಹೆಸರಿದೆ ಎನ್ನುವುದೂ ಅವರಿಗೆ ನೆನಪಾಗಲಿಲ್ಲ. ಅದೇ ಪತ್ರಿಕೆಗೆ ಮಂಡಿಯೂರಿದ ಹುಡುಗರ ಫೋಟೋ ಹಾಕಲು ಮುಖಪುಟವೇ ಬೇಕಾಯಿತು. ಧ್ವಜಕ್ಕೆ ಅವಮಾನ ಎಂದು ದಪ್ಪಕ್ಷರದಲ್ಲಿ ಬರೆದರು. ಯಾಕೆ ಊರಿದಿರಪ್ಪ ಎಂದು ಹುಡುಗರನ್ನು ಒಬ್ಬರೂ ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅದು.

ಹೀಗಿರುವಾಗ ಟೀವಿಯವರು ಲವೋನಿಯಾಳಿಗೆ ಫೋನ್ ಮಾಡಿ ಸಂದರ್ಶನ ಕೇಳಿದರು. ಅವಳು ಶಾಲಾ ಬಸ್ಸು ಓಡಿಸುವವಳು, ಮೈಯಲ್ಲಿ ಭಯವಿಲ್ಲ. ಆದರೂ ಒಪ್ಪುವ ಮೊದಲು ಜಾರ್ವಿಸ್‌ನ ತಾಯಿ ಅರ್ನೆಸ್ಟೀನ್‌ಳ ಮನೆಗೆ ಹೋಗಿ ಕೇಳಿದಳು. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು, ಒಬ್ಬರಿಗೊಬ್ಬರು ವೋನಿ, ಟೀನಾ, ಒಂದೇ ಚರ್ಚಿನ ಗಾಯನ ಮೇಳದಲ್ಲಿ ನಲವತ್ತು ವರ್ಷ ಪಕ್ಕಪಕ್ಕ ನಿಂತವರು. ಮಗನನ್ನು ಮಣ್ಣು ಮಾಡಿದ ಮೇಲೆ ಅರ್ನೆಸ್ಟೀನ್ ಚರ್ಚಿಗೂ ಬಂದಿರಲಿಲ್ಲ.

"ನೀನು ಮಾತಾಡು ವೋನಿ. ನನಗೆ ಬಾಯೇ ಬರಲ್ಲ," ಎಂದಳು ಅರ್ನೆಸ್ಟೀನ್. "ನ್ಯಾಯ ಗೀಯ ಎಲ್ಲ ಅವರು ಕೊಟ್ಟಾಗ ಕೊಡ್ಲಿ. ನನ್ನ ಮಗನ ಹೆಸರು ಒಂದ್ಸಲ ಹೇಳಿಸು. ಅವನಿಗೊಬ್ಬಳು ತಾಯಿ ಇದ್ದಾಳೆ ಅಂತ ಊರಿಗೆ ಗೊತ್ತಾಗ್ಲಿ. ಅಷ್ಟು ಸಾಕು ನಂಗೆ."

ಲವೋನಿಯಾ ಅವಳ ಕೈ ಹಿಡಿದು ಮಾತು ಕೊಟ್ಟಳು.

ಟೀವಿಯವರು ಮಂಗಳವಾರ ಬಂದರು. ಬಂದವಳು ಸಭ್ಯ ಹುಡುಗಿ, ಲವೋನಿಯಾ ಕೊಟ್ಟ ಕೇಕನ್ನು ಹೊಗಳಿ ತಿಂದಳು. ಲವೋನಿಯಾ ಈಸ್ಟರ್‌ಗೆ ತೊಡುವ ನೇರಳೆ ಉಡುಪು ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಳು. ನಲವತ್ತು ನಿಮಿಷ ಮಾತಾಡಿದಳು. ಜಾರ್ವಿಸ್ ಎಂಬ ಹೆಸರನ್ನು ಹನ್ನೊಂದು ಸಲ ಹೇಳಿದಳು. ಬೆರಳು ಮಡಚಿ ಎಣಿಸಿಕೊಂಡಿದ್ದಳು.

ಆದರೆ ಮಾತು ಶುರು ಮಾಡಿದ್ದು ತನ್ನವರ ಪದ್ಧತಿಯಂತೆ. ಅವರ ಚರ್ಚಿನಲ್ಲಿ ಎದ್ದು ನಿಂತವರು ನೇರ ವಿಷಯಕ್ಕೆ ಹೋಗುವುದಿಲ್ಲ, ಹೋದರೆ ಹಿರಿಯರು ಕೆಮ್ಮುತ್ತಾರೆ. ಮೊದಲು ದೇವರಿಗೆ, ಆಮೇಲೆ ಪಾದ್ರಿಗೆ, ಹಿರಿಯರಿಗೆ, ಬಂದ ಅತಿಥಿಗಳಿಗೆ ಗೌರವ ಸಲ್ಲಿಸಬೇಕು. ಮಾತಿನಲ್ಲಿ ತಪ್ಪಿದ್ದರೆ ಅದು ನನ್ನ ತಲೆಯ ತಪ್ಪು, ಮನಸ್ಸಿನದಲ್ಲ ಎಂದು ಬೇಡಿಕೊಳ್ಳಬೇಕು. ಇಷ್ಟಾದ ಮೇಲೇ ನಿಜವಾದ ಮಾತು. ಲವೋನಿಯಾ ಅದರಲ್ಲಿ ಪಳಗಿದ ಕೈ. ಟೀವಿ ನೋಡುವವರಲ್ಲಿ ಬಿಳಿಯರೂ ಇರುತ್ತಾರೆ, ಅವರೂ ಅತಿಥಿಗಳೇ ತಾನೇ ಎಂದುಕೊಂಡು ಅವರಿಗೂ ಗೌರವ ಸೇರಿಸಿದಳು. ತನ್ನ ಅಣ್ಣ ಸೈನ್ಯದಲ್ಲಿದ್ದ, ಸತ್ತಾಗ ಆ ಧ್ವಜವನ್ನು ಹೊದಿಸಿಯೇ ಅವನನ್ನು ಕಳಿಸಿಕೊಟ್ಟೆವು, ಅದಕ್ಕೆ ತಲೆ ಬಾಗುತ್ತೇನೆ ಎಂದಳು. ನನ್ನ ಮಗನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಿ ಎಂದಳು. ಅಂಗಳ ಗುಡಿಸಿ ಬಾಗಿಲು ತೆರೆದ ಹಾಗೆ ಅದು. ಅದಾದ ಮೇಲೆ ನೀರು ಕುಡಿದು, "ಈಗ ಜಾರ್ವಿಸ್ ವಿಷಯ ಹೇಳ್ತೀನಿ," ಎಂದಳು.

ಬುಧವಾರ ಸಂಜೆ ಆರಕ್ಕೆ ಅರ್ನೆಸ್ಟೀನ್‌ಳ ಮನೆಯಲ್ಲಿ ಗಾಯನ ಮೇಳದ ಹೆಂಗಸರೆಲ್ಲ ಸೇರಿದರು. ಹುರಿದ ಕೋಳಿ, ಜೋಳದ ಬ್ರೆಡ್ಡು, ಸಿಹಿಗೆಣಸಿನ ಪೈ ತಂದಿದ್ದರು. ಅರ್ನೆಸ್ಟೀನ್ ಎಷ್ಟೋ ವಾರಗಳ ಮೇಲೆ ತಲೆ ಬಾಚಿ, ಮಗ ಶಾಲೆ ಮುಗಿಸಿದ ದಿನದ ಫೋಟೋವನ್ನು ಟೀವಿಯ ಪಕ್ಕದಲ್ಲಿಟ್ಟು ಕೂತಿದ್ದಳು.

ಮೊದಲು ಮಂಡಿಯೂರಿದ ಹುಡುಗರು ಕಂಡರು. ಆಮೇಲೆ ಸಿಟ್ಟಾದ ಒಬ್ಬ ಮುದುಕ. ಆಮೇಲೆ ನೇರಳೆ ಉಡುಪಿನ ಲವೋನಿಯಾ. "ಆ ಧ್ವಜಕ್ಕೆ ತಲೆ ಬಾಗ್ತೀನಿ. ನನ್ನ ಮಗನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಿ." ಕೆಳಗೆ ಅಕ್ಷರ ಮೂಡಿತು: ಮಗನ ಪರವಾಗಿ ಕ್ಷಮೆ ಕೇಳಿದ ತಾಯಿ. ಮುಂದೆ ಹವಾಮಾನ, ವಾರಾಂತ್ಯಕ್ಕೆ ಮಳೆ ಇಲ್ಲವಂತೆ.

ಯಾರೂ ತಟ್ಟೆ ಮುಟ್ಟಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಇಲ್ಲಿ ಆಡಿದ ಮಾತನ್ನೇ ಬೇರೆಯವರು ಒಡೆದು, ಬೇಕಾದ ಚೂರನ್ನು ಎತ್ತಿಕೊಂಡಿದ್ದರು. ಲವೋನಿಯಾ ಎದ್ದು, ಹನ್ನೊಂದು ಸಲ ಹೇಳಿದೆ ಟೀನಾ, ದೇವರಾಣೆ ಹೇಳಿದೆ ಎಂದು ಬೆರಳು ತೋರಿಸುತ್ತ ಅತ್ತಳು.

ಅರ್ನೆಸ್ಟೀನ್ ಟೀವಿ ಆರಿಸಿದಳು. "ನೀನು ಹೇಳಿರ್ತೀಯ, ನಂಗೊತ್ತಿಲ್ವಾ," ಎಂದಳು. "ಟೀವಿಯೂ ಬೇಡ ಪೇಪರೂ ಬೇಡ ಬಿಡು. ಶುಕ್ರವಾರ ನಾನೇ ಮೈದಾನಕ್ಕೆ ಬರ್ತೀನಿ. ಹುಡುಗ್ರು ನನ್ನ ಮಗನಿಗೋಸ್ಕರ ಮಂಡಿ ಊರೋದನ್ನ ಇದುವರೆಗೆ ನೋಡೇ ಇಲ್ಲ, ಧೈರ್ಯ ಬಂದಿರ್ಲಿಲ್ಲ. ಕಣ್ಣಾರೆ ಒಂದ್ಸಲ ನೋಡ್ಬೇಕು."

ಲವೋನಿಯಾ ಇದನ್ನು ಮಗನಿಗೆ ಹೇಳಲಿಲ್ಲ. ಟೀವಿಯಲ್ಲಿ ಅದು ಬಂದ ಮೇಲೆ ಎರಡು ದಿನದಿಂದ ಅವನು ಅವಳ ಮುಖ ನೋಡಿ ಮಾತಾಡಿರಲಿಲ್ಲ. ಟೀನಾ ಬರುತ್ತಾಳೆ ಎಂದರೆ ಅವನ ಎದೆಯ ಭಾರ ಇನ್ನೂ ಹೆಚ್ಚೀತು ಎಂದುಕೊಂಡಳು. ಅದೂ ಅಲ್ಲದೆ, ಹೇಳುವ ಅಗತ್ಯವೇನು? ಅವನು ಮಂಡಿ ಊರಿಯೇ ಊರುತ್ತಾನೆ.

ಶುಕ್ರವಾರ ಇಬ್ಬರೂ ಗೆಳತಿಯರು ಮೇಲಿನ ಸಾಲಿನಲ್ಲಿ ಕೂತರು. ತಂಡ ಬಂತು, ವಾದ್ಯ ಶುರುವಾಯಿತು, ಜನ ಎದ್ದರು. ಅರ್ನೆಸ್ಟೀನ್ ಕತ್ತು ಚಾಚಿ, ಕಣ್ಣು ಮಿಟುಕಿಸದೆ ಮೈದಾನದ ಅಂಚನ್ನೇ ನೋಡುತ್ತಿದ್ದಳು. ಮಾರ್ಸೆಲಸ್ ನಿಂತಿದ್ದ. ಅವನ ಪಕ್ಕದ ಮೂವರೂ ನಿಂತಿದ್ದರು.

"ಯಾವಾಗ ಊರ್ತಾರೆ ವೋನಿ?" ಎಂದು ಅರ್ನೆಸ್ಟೀನ್ ಮೆಲ್ಲಗೆ ಕೇಳಿದಳು. "ಕೊನೇಲಾ?"

ಹಾಡು ಏರಿತು, ಇಳಿಯಿತು, ಮುಗಿಯಿತು. ಹುಡುಗರು ನಿಂತೇ ಇದ್ದರು. ಇಡೀ ಮೈದಾನ ಎಂದೂ ಇಲ್ಲದ ಹಾಗೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಬಿಳಿ ಹೆಂಗಸೊಬ್ಬಳು ತಿರುಗಿ, ಒಳ್ಳೆ ಮಗನನ್ನು ಬೆಳೆಸಿದ್ದೀರಿ ಎಂದು ಲವೋನಿಯಾಳ ಭುಜ ಮುಟ್ಟಿದಳು. ಅರ್ನೆಸ್ಟೀನ್ ಚೀಲ ಎತ್ತಿಕೊಂಡು, ಒಲೆ ಆರಿಸಿದೆನೋ ಇಲ್ಲವೋ ನೋಡಬೇಕು ಎಂದು ಹೊರಟಳು. ಲವೋನಿಯಾ ಎದ್ದಾಗ ಬೇಡವೆಂದು ಕೈ ಅಡ್ಡ ಹಿಡಿದಳು.

ಪಂದ್ಯ ಗೆದ್ದರು. ಮಾರ್ಸೆಲಸ್ ಕಾರಿನ ಬಳಿ ಬಂದಾಗ ಲವೋನಿಯಾ ತಡೆಯಲಾರದೆ ಕೇಳಿಯೇ ಬಿಟ್ಟಳು. ಯಾಕೆ ನಿಂತೆ? ನಾನು ಹಾಗೆ ಹೇಳಲಿಲ್ಲ ಎಂದು ನಿನಗೆ ಗೊತ್ತಿರಲಿಲ್ಲವೇ?

"ನಂಗೆ ಗೊತ್ತಮ್ಮ. ಊರಿಗೆ ಗೊತ್ತಿಲ್ವಲ್ಲ," ಎಂದ ಅವನು. "ನಾನು ಮಂಡಿ ಊರಿದ್ರೆ ನಾಳೆ ಏನು ಬರೀತಿದ್ರು? ಹೆತ್ತ ತಾಯಿ ಮಾತನ್ನೂ ಮೆಟ್ಟಿದ ಹುಡುಗ ಅಂತ. ನನ್ನ ಏನಾದ್ರೂ ಅನ್ಲಿ. ನಿನ್ನ ಮಾತು ನೆಲಕ್ಕೆ ಬಿತ್ತು ಅಂತ ಯಾರೂ ಆಡ್ಕೋಬಾರ್ದು. ಆ ಮೂವರಿಗೂ ನಾನೇ ಹೇಳ್ದೆ."

ಅವನ ಬೆವರಿದ ಮುಖವನ್ನು ಅವಳು ಎರಡೂ ಕೈಯಲ್ಲಿ ಹಿಡಿದಳು. ಬೈಯಲೂ ಆಗಲಿಲ್ಲ, ಮುದ್ದಿಸಲೂ ಆಗಲಿಲ್ಲ.

"ಮೇಲಿನ ಸಾಲಲ್ಲಿ ನಿನ್ನ ಪಕ್ಕ ಯಾರೋ ಕೂತಿದ್ರಲ್ಲ," ಎಂದ ಅವನು. "ಟೀನಾ ಆಂಟಿ ಬಂದಿದ್ರಾ ಅಮ್ಮ?"

"ಇಲ್ಲ ಮಗನೇ," ಎಂದಳು ಲವೋನಿಯಾ. "ಅವಳು ಬಂದಿರ್ಲಿಲ್ಲ."